ಗುಜರಿಗೂ ರ‍್ಯಾಲಿಗೂ ನಡುವಿನ ಮೂವತ್ತೈದು ವರ್ಷ

ಮೊದಲು ಒಂದು ಸಣ್ಣ ಲೆಕ್ಕ. ಬಿ.ಕಾಂ. ಓದಿರೋರಿಗೆ ಸವಕಳಿ, ಅಂದ್ರೆ ಡಿಪ್ರಿಸಿಯೇಷನ್, ಗೊತ್ತೇ ಇರುತ್ತೆ. ಆದಾಯ ತೆರಿಗೆ ಲೆಕ್ಕದಲ್ಲಿ ಕಾರಿನ ಬೆಲೆ ಪ್ರತಿ ವರ್ಷ ಶೇ. 15ರಷ್ಟು ಇಳೀತಾ ಹೋಗುತ್ತೆ. ಒಂದು ಲಕ್ಷ ಕೊಟ್ಟು ತಗೊಂಡ ಕಾರು ಹತ್ತು ವರ್ಷಕ್ಕೆ ಸುಮಾರು ₹19,700 ಆಗುತ್ತೆ. ಮೂವತ್ತೆರಡು ವರ್ಷಕ್ಕೆ? ಸುಮಾರು ₹550. ಎರಡು ಪ್ಲೇಟ್ ಬಿರಿಯಾನಿ ದುಡ್ಡು.

ಮೂವತ್ತೆರಡೇ ಯಾಕೆ ಅಂದ್ರೆ, ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದ ನಮ್ಮ ತಾತನ ಫಿಯಟ್ ಗುಜರಿಗೆ ಹೋದಾಗ ಅದಕ್ಕೆ ಅಷ್ಟೇ ವಯಸ್ಸು. ಕಾಗದದಲ್ಲಿ ಪ್ರೀಮಿಯರ್ ಪದ್ಮಿನಿ, ಊರಿನವರ ಬಾಯಲ್ಲಿ ಫಿಯಟ್. 1979ರ ಗಾಡಿ. ಕೆನೆ ಬಣ್ಣ, ಸ್ಟೇರಿಂಗ್ ಪಕ್ಕದಲ್ಲೇ ಗೇರು, ಮೂರಕ್ಷರ ನಾಲ್ಕಂಕಿಯ ಹಳೇ ನಂಬರು. 2011ರಲ್ಲಿ ತಾತ ತೀರಿಕೊಂಡ ಮೇಲೆ ಹನ್ನೆರಡು ಸಾವಿರಕ್ಕೆ ಕೊಟ್ಟುಬಿಟ್ವಿ. ಗುಜರಿಯವನು ಟೆಂಪೋಗೆ ಕಟ್ಟಿ ಎಳ್ಕೊಂಡು ಹೋದ. ಮನೇಲಿ ಯಾರೂ ತಪ್ಪು ಮಾಡಿದ್ವಿ ಅಂದ್ಕೊಳ್ಲಿಲ್ಲ. ನಾನೂ ಅಂದ್ಕೊಳ್ಲಿಲ್ಲ, ನನಗಾಗ ಹದಿಮೂರು. ಲೆಕ್ಕದ ಪ್ರಕಾರ ನಮಗೆ ಲಾಭವೇ ಆಗಿತ್ತಲ್ಲ.

ಹಾಗಾದ್ರೆ ಹಳೇ ಸಾಮಾನು ಯಾವ ದಿನ ಗುಜರಿ, ಯಾವ ದಿನ ಪರಂಪರೆ? ಅದನ್ನ ತೀರ್ಮಾನ ಮಾಡೋರು ಯಾರು? ಇದಕ್ಕೆ ಉತ್ತರ ಹುಡುಕ್ತಾ ಹೋದ್ರೆ ಹಳೇ ಕಾರಿನ ಕ್ಲಬ್‌ಗಳ ಇತಿಹಾಸಕ್ಕೆ ಬಂದು ನಿಲ್ತೀವಿ. ಆ ಇತಿಹಾಸ ಶುರುವಾಗೋದು ಇಂಗ್ಲೆಂಡಿನಲ್ಲಿ, ಒಂದು ಕೆಂಪು ಬಾವುಟದಿಂದ.

1865ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಒಂದು ಕಾನೂನು ಮಾಡ್ತು. ಕುದುರೆ ಇಲ್ಲದೆ ತಾನೇ ಓಡೋ ಗಾಡಿ ಊರೊಳಗೆ ಗಂಟೆಗೆ 2 ಮೈಲಿ, ಊರಾಚೆ 4 ಮೈಲಿ ಮೀರಬಾರದು. ಗಾಡಿ ಮುಂದೆ ಒಬ್ಬ ಮನುಷ್ಯ ಕೆಂಪು ಬಾವುಟ ಹಿಡಿದು ನಡೀಬೇಕು. ಇದು ಬಂದಿದ್ದು ದೊಡ್ಡ ದೊಡ್ಡ ಸ್ಟೀಮ್ ಎಂಜಿನ್‌ಗಳಿಗಾಗಿ. 1878ರಲ್ಲಿ ಬಾವುಟದ ಕಡ್ಡಾಯ ಹೋಯ್ತು, ಆದ್ರೆ ಮುಂದೆ ನಡೆಯೋ ಮನುಷ್ಯ ಹಾಗೇ ಉಳಿದ. ಆಮೇಲೆ ಪೆಟ್ರೋಲ್ ಕಾರು ಬಂದಾಗ ಅದಕ್ಕೂ ಇದೇ ನಿಯಮ. ಕೊನೆಗೆ 1896ರ ನವೆಂಬರ್ 14ರಂದು ಹೊಸ ಕಾನೂನು ಜಾರಿಗೆ ಬಂದು, ಹಗುರ ಗಾಡಿಗಳಿಗೆ ಈ ಕಟ್ಟುಪಾಡಿನಿಂದ ಬಿಡುಗಡೆ ಸಿಕ್ತು.

ಅವತ್ತೇ ಲಂಡನ್ನಿಂದ ಬ್ರೈಟನ್‌ಗೆ ಕಾರುಗಳ ಮೆರವಣಿಗೆ. ಇವತ್ತಿನ ದಾರಿಯಲ್ಲಿ ಸುಮಾರು 60 ಮೈಲಿ. ನಮ್ಮ ಲೆಕ್ಕದಲ್ಲಿ ಹೆಚ್ಚು ಕಡಿಮೆ ಬೆಂಗಳೂರಿನಿಂದ ಮಂಡ್ಯದಷ್ಟು ದೂರ. ಬೆಳಗಿನ ತಿಂಡಿ ಹೊತ್ತಲ್ಲಿ ಲಾರ್ಡ್ ವಿಂಚಿಲ್ಸಿ ಎಲ್ಲರೆದುರು ಕೆಂಪು ಬಾವುಟ ಹರಿದು ಹಾಕಿದ್ರು. ಮಳೆ, ಕೆಸರು. 33 ಗಾಡಿ ಹೊರಟು 17 ಮುಟ್ಟಿದ್ವು ಅಂತ ಸಾಮಾನ್ಯವಾಗಿ ಹೇಳ್ತಾರೆ. ಒಂದು ಕಾರನ್ನ ರೈಲಲ್ಲಿ ತಂದು, ಕೆಸರು ಮೆತ್ತಿ, ಓಡಿಸಿಕೊಂಡೇ ಬಂದ್ವಿ ಅಂತ ತೋರಿಸಿದ್ರಂತೆ ಅನ್ನೋ ಕತೆನೂ ಇದೆ.

ಇಷ್ಟೆಲ್ಲ ಏರ್ಪಾಡು ಮಾಡಿದ್ದು ಮೋಟರ್ ಕಾರ್ ಕ್ಲಬ್. ಅದರ ಹಿಂದಿದ್ದವನು ಹ್ಯಾರಿ ಲಾಸನ್. ಈ ಮನುಷ್ಯನ ಬಗ್ಗೆ ಕಾಮರ್ಸ್ ಹುಡುಗರು ತಿಳ್ಕೊಳ್ಳಲೇಬೇಕು. ಅದೇ ವರ್ಷ ಜನವರಿಯಲ್ಲಿ ಒಂದು ಲಕ್ಷ ಪೌಂಡ್ ಬಂಡವಾಳದ ಡೈಮ್ಲರ್ ಕಂಪನಿಯ ಷೇರುಗಳನ್ನ ಜನರ ಮುಂದಿಟ್ಟಿದ್ದ. ಕಾರಿನ ಪೇಟೆಂಟ್‌ಗಳನ್ನ ಕೊಂಡು ಗುಡ್ಡೆ ಹಾಕ್ತಿದ್ದ. ಆ ಮೆರವಣಿಗೆ ಸ್ವಾತಂತ್ರ್ಯದ ಹಬ್ಬವೂ ಹೌದು, ಷೇರು ಮಾರೋ ಜಾಹೀರಾತೂ ಹೌದು. 1904ರಲ್ಲಿ ಬೇರೊಂದು ಕಂಪನಿಯ ಷೇರುದಾರರಿಗೆ ಮೋಸ ಮಾಡಿದ ಕೇಸಲ್ಲಿ ಲಾಸನ್‌ಗೆ ಒಂದು ವರ್ಷ ಕಠಿಣ ಸಜೆ ಆಯ್ತು. ಅಂದ್ರೆ ಮೊದಲ ಕ್ಲಬ್ಬಿಗೆ ಹಳೇ ಕಾರಿನ ಮೇಲೆ ಪ್ರೀತಿ ಇರಲಿಲ್ಲ. ಹಳೇ ಕಾರು ಅನ್ನೋದೇ ಆಗ ಇರಲಿಲ್ಲ.

ಮೂವತ್ತೊಂದು ವರ್ಷ ಬಿಟ್ಟು ನೋಡಿ. 1927. 1896ರ ಆಸುಪಾಸಿನ ಕಾರುಗಳೆಲ್ಲ ಈಗ ಕೊಟ್ಟಿಗೆಯಲ್ಲೋ ಗುಜರಿ ಅಂಗಳದಲ್ಲೋ ಬಿದ್ದಿವೆ. ಒಂದು ಪತ್ರಿಕೆಯ ಪ್ರಾಯೋಜನೆಯಲ್ಲಿ ಅದೇ ಲಂಡನ್–ಬ್ರೈಟನ್ ಓಟವನ್ನ ಮತ್ತೆ ಮಾಡಿದ್ರು. ಜನ ಅದಕ್ಕೆ ಇಟ್ಟ ಹೆಸರು ಓಲ್ಡ್ ಕ್ರಾಕ್ಸ್ ರನ್. ನಮ್ಮ ಕಡೆ ಭಾಷೇಲಿ ಹೇಳೋದಾದ್ರೆ ಡಬ್ಬಾ ಗಾಡಿಗಳ ಓಟ. ನೋಡೋಕೆ ಬಂದೋರು ನಗೋಕೇ ಬಂದಿದ್ರು.

1930ರ ಓಟದ ಸಮಯದಲ್ಲಿ ಬ್ರೈಟನ್ನಿನ ಓಲ್ಡ್ ಶಿಪ್ ಹೋಟೆಲಿನಲ್ಲಿ ಕೆಲವರು ಸೇರಿ ಒಂದು ಕ್ಲಬ್ ಮಾಡೋಣ ಅಂದ್ರು. ಅವರಲ್ಲೊಬ್ಬರು ಸ್ಯಾಮಿ ಡೇವಿಸ್. ಕಾರಿನ ಪತ್ರಕರ್ತ, ಜೊತೆಗೆ 1927ರ ಲೆ ಮಾನ್ಸ್ ರೇಸನ್ನ ಬೆಂಟ್ಲಿಯಲ್ಲಿ ಗೆದ್ದವರು. ಹೀಗೆ ಹುಟ್ಟಿದ್ದು ವೆಟರನ್ ಕಾರ್ ಕ್ಲಬ್ ಆಫ್ ಗ್ರೇಟ್ ಬ್ರಿಟನ್.

ಈ ಕ್ಲಬ್ ಮಾಡಿದ ದೊಡ್ಡ ಕೆಲಸ ಯಾವುದು ಗೊತ್ತಾ? ಒಂದು ಗೆರೆ ಎಳೀತು. 1904ರ ಡಿಸೆಂಬರ್ 31ರ ಒಳಗೆ ತಯಾರಾದ ಕಾರು ಮಾತ್ರ ವೆಟರನ್. ಬ್ರೈಟನ್ ಓಟಕ್ಕೆ ಇವತ್ತಿಗೂ ಅದೇ ಗೆರೆ. ಗೆರೆ ಎಳೆದ ಮೇಲೆ ಪುರಾವೆ ಬೇಕಾಗುತ್ತೆ. ನನ್ನ ಕಾರು 1904ರದ್ದು ಅಂತ ಬಾಯಲ್ಲಿ ಹೇಳಿದ್ರೆ ಸಾಲದು. ಷಾಸಿ ನಂಬರ್, ಎಂಜಿನ್ ನಂಬರ್, ಹಳೇ ಕ್ಯಾಟಲಾಗು, ಫೋಟೋ ಎಲ್ಲ ತಾಳೆ ನೋಡಿ ಕ್ಲಬ್ ವಯಸ್ಸಿನ ಪತ್ರ ಕೊಡುತ್ತೆ. ಒಂಥರಾ ಆಡಿಟ್. ನಗುವ ವಸ್ತುವಾಗಿದ್ದ ಡಬ್ಬಾ ಗಾಡಿ ದಾಖಲೆಯ ವಸ್ತುವಾಗಿದ್ದು ಹೀಗೆ.

1934ರಲ್ಲಿ ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್ ಹುಟ್ತು. ಅವರ ಗೆರೆ ಆಮೇಲೆ 1930ಕ್ಕೆ ನಿಂತ್ಕೊಳ್ತು. ನಾವೀಗ ಎಲ್ಲದಕ್ಕೂ ಸುಮ್ಮನೆ ವಿಂಟೇಜ್ ಅಂತೀವಲ್ಲ, ಅವರ ಪ್ರಕಾರ 1930 ದಾಟಿದ್ದು ವಿಂಟೇಜೇ ಅಲ್ಲ. 1935ರಲ್ಲಿ ಅಮೆರಿಕದಲ್ಲಿ ಆ್ಯಂಟಿಕ್ ಆಟೊಮೊಬೈಲ್ ಕ್ಲಬ್ ಶುರುವಾಯ್ತು. ಅಲ್ಲಿ ಈಗ 25 ವರ್ಷ ಆದ್ರೆ ಸಾಕು. 1966ರಲ್ಲಿ ಎಲ್ಲ ದೇಶಗಳ ಕ್ಲಬ್‌ಗಳಿಗೆ ಒಕ್ಕೂಟ ಬಂತು, ಹೆಸರು ಫಿವಾ. ಅವರದ್ದು 30 ವರ್ಷದ ಲೆಕ್ಕ. ನೋಡಿ, ವಯಸ್ಸನ್ನ ದೇವರು ಕೊಡಲಿಲ್ಲ, ಮೇಜಿನ ಸುತ್ತ ಕೂತ ಮನುಷ್ಯರು ಕೊಟ್ರು.

1953ರಲ್ಲಿ ಬ್ರೈಟನ್ ಓಟದ ಮೇಲೆ ಜೆನೆವಿವ್ ಅನ್ನೋ ಸಿನಿಮಾ ಬಂತು. ಅದರ ನಾಯಕಿ 1904ರ ಮಾಡೆಲ್ ಅನ್ನೋ ಒಂದು ಡರಾಕ್ ಕಾರು. ಆ ಕಾರು ಎರಡನೇ ಮಹಾಯುದ್ಧದ ನಂತರ ಸಿಕ್ಕಿದ್ದು ಗುಜರಿ ಸಾಮಾನಿನ ನಡುವೆ. ಯಾರೋ ಅದನ್ನ ಎತ್ತಿ ತಂದು ಜೋಡಿಸಿದ್ರು. ಗುಜರಿಗೂ ಬೆಳ್ಳಿತೆರೆಗೂ ನಡುವೆ ಇದ್ದಿದ್ದು ಒಬ್ಬರ ಹುಚ್ಚು, ಅಷ್ಟೇ.

ಈಗ ನಮ್ಮ ದೇಶಕ್ಕೆ ಬರೋಣ. ದೆಹಲಿಯಲ್ಲಿ ಸ್ಟೇಟ್ಸ್‌ಮನ್ ಪತ್ರಿಕೆಯ ವಿಂಟೇಜ್ ಕಾರ್ ರ‍್ಯಾಲಿ 1964ರಲ್ಲೇ ಶುರುವಾಗಿತ್ತು. ಆದ್ರೆ ವಿಂಟೇಜ್ ವಾಹನದ ನೋಂದಣಿಗೆ ಅಂತಲೇ ಕೇಂದ್ರ ನಿಯಮ ಬಂದಿದ್ದು 2021ರಲ್ಲಿ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಷಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರಬೇಕು. ಹೊಸ ನೋಂದಣಿಗೆ ₹20,000, ಹತ್ತು ವರ್ಷಕ್ಕೆ ಮಾನ್ಯ, ನಂಬರಲ್ಲಿ ‘ವಿಎ’ ಅಕ್ಷರ. ಮೊದಲೇ ನೋಂದಣಿ ಆಗಿರೋ ಗಾಡಿಗೆ ಹಳೇ ನಂಬರೇ ಉಳಿಸಿಕೊಳ್ಳಬಹುದು. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಅಂತ ರಸ್ತೆಗಿಳಿಸಬಹುದು. ದಿನಾ ಆಫೀಸಿಗೆ ಓಡಿಸೋ ಹಾಗಿಲ್ಲ.

ಒಳ್ಳೆಯ ನಿಯಮವೇ. ಆದ್ರೆ ಇನ್ನೊಂದು ಅಂಕಿ ಪಕ್ಕದಲ್ಲಿಡಿ. ಖಾಸಗಿ ಕಾರಿನ ಮೊದಲ ನೋಂದಣಿ ಮುಗಿಯೋದು 15 ವರ್ಷಕ್ಕೆ. ಅಲ್ಲಿಂದ ಐದೈದು ವರ್ಷಕ್ಕೆ ನವೀಕರಣ. ಅದರ ಶುಲ್ಕ 2022ರ ಏಪ್ರಿಲ್‌ನಲ್ಲಿ ₹600 ಇದ್ದಿದ್ದು ₹5,000 ಆಯ್ತು. ಹದಿನೈದಕ್ಕೆ ಮುದುಕ, ಐವತ್ತಕ್ಕೆ ಪೂಜ್ಯ. ನಡುವಿನ ಮೂವತ್ತೈದು ವರ್ಷ? ಆ ಹೊತ್ತಲ್ಲಿ ಅದು ಹೊಸದಲ್ಲ, ವಿಂಟೇಜೂ ಅಲ್ಲ. ಬರೀ ಖರ್ಚು. ಐವತ್ತು ಮುಟ್ಟೋ ಕಾರುಗಳೆಲ್ಲ ಈ ಮೂವತ್ತೈದು ವರ್ಷ ದಾಟಿಯೇ ಬರಬೇಕು. ರಾಜಮನೆತನದ ರೋಲ್ಸ್ ರಾಯ್ಸ್ ಹೇಗೋ ದಾಟುತ್ತೆ, ಶೆಡ್ ಇದೆ, ಆಳಿದ್ದಾರೆ. ಮಂಡಿ ವ್ಯಾಪಾರಿಯ ಫಿಯಟ್ ದಾಟಲ್ಲ. ಹಾಗಾಗಿ ನಾಳೆ ನಾವು ನೋಡೋ ಇತಿಹಾಸದಲ್ಲಿ ರಾಜರ ಕಾರು ಇರುತ್ತೆ, ಡಾಕ್ಟರು, ಮೇಷ್ಟ್ರು, ಟ್ಯಾಕ್ಸಿ ಡ್ರೈವರ್ ಓಡಿಸಿದ್ದು ಇರಲ್ಲ.

ಈ ಕಂತಿಗೋಸ್ಕರ ಬೆಂಗಳೂರಿನ ಒಂದು ಕ್ಲಬ್ಬಿನವರು ಭಾನುವಾರ ಬೆಳಿಗ್ಗೆ ಸೇರೋ ಕಡೆ ಹೋಗಿದ್ದೆ. ಬರೀ ಕೋಟು ಹಾಕಿದ ಶ್ರೀಮಂತರು ಇರ್ತಾರೆ ಅಂದ್ಕೊಂಡಿದ್ದೆ. ಅಂಥವರೂ ಇದ್ರು. ಆದ್ರೆ ಕಾರ್ಯದರ್ಶಿ ಕೈಯಲ್ಲಿದ್ದಿದ್ದು ಒಂದು ನೋಟ್‌ಬುಕ್. ಯಾರ ಹತ್ರ ಹೆಚ್ಚಿಗೆ ಕಾರ್ಬುರೇಟರ್ ಇದೆ, ಯಾರಿಗೆ ಹೆಡ್‌ಲೈಟ್ ರಿಂಗ್ ಬೇಕು, ಯಾರ ವಿಮೆ ಮುಗೀತಿದೆ, ಮುಂದಿನ ರ‍್ಯಾಲಿಗೆ ಪೊಲೀಸ್ ಅನುಮತಿ ಪತ್ರ ಯಾರು ಬರೀತಾರೆ, ಕೆಟ್ಟು ನಿಂತ ಗಾಡಿ ಎಳೆಯೋಕೆ ಹಿಂದೆ ಯಾರು ಬರ್ತಾರೆ. ಕ್ಲಬ್ ನಡೆಸೋದು ಅಂದ್ರೆ ಇದು. ರ‍್ಯಾಲಿ ವರ್ಷಕ್ಕೊಂದು ದಿನ, ಈ ನೋಟ್‌ಬುಕ್ ವರ್ಷವಿಡೀ.

ಅಲ್ಲೇ ಬಾನೆಟ್ಟಿನೊಳಗೆ ತಲೆ ಹಾಕಿದ್ದ ವಯಸ್ಸಾದ ಮೆಕ್ಯಾನಿಕ್ ಒಬ್ಬರನ್ನ ಕೇಳಿದೆ, “ಪಾರ್ಟ್ಸ್ ಸಿಗೋದು ಕಷ್ಟ ಅಲ್ವಾ ಸಾರ್?” ಅವರು ಕೈ ಒರೆಸ್ಕೊಂಡು ಹೇಳಿದ್ರು: “ಪಾರ್ಟ್ ಹೇಗೋ ಆಗುತ್ತೆ ಕಣಪ್ಪಾ. ಶಿವಾಜಿನಗರದ ಗುಜರೀಲಿ ಹುಡುಕ್ತೀನಿ, ಜೆ.ಸಿ. ರೋಡಲ್ಲಿ ಕೇಳ್ತೀನಿ, ಇಲ್ಲಾಂದ್ರೆ ಲೇತಲ್ಲಿ ಮಾಡಿಸ್ತೀನಿ. ಪಾಯಿಂಟ್ ಸೆಟ್ ಮಾಡೋಕೆ ಬರೋರು ಸಿಗಲ್ಲ. ನನ್ನ ಮಗ ಲ್ಯಾಪ್‌ಟಾಪ್ ಹಾಕಿ ಗಾಡಿ ನೋಡ್ತಾನೆ. ಇದಕ್ಕೆ ಎಲ್ಲಿ ಹಾಕ್ತೀಯಾ ಲ್ಯಾಪ್‌ಟಾಪು?”

ಆ ಕ್ಲಬ್ಬಿನಲ್ಲಿ ಈಗ ತಿಂಗಳಿಗೊಮ್ಮೆ ಇಬ್ಬರು ಮೂವರು ಹುಡುಗರನ್ನ ಅವರ ಪಕ್ಕ ಕೂರಿಸ್ತಾರೆ. ಮೊಬೈಲಲ್ಲಿ ವಿಡಿಯೊ ಮಾಡ್ಕೊಳ್ತಾರೆ. ನನಗೆ ಅಲ್ಲಿದ್ದ ಅಷ್ಟೂ ಕಾರಿಗಿಂತ ಬೆಲೆಬಾಳೋದು ಅದೇ ಅನ್ನಿಸ್ತು. ಯಾವ ಸವಕಳಿ ಪಟ್ಟಿಯಲ್ಲೂ ಬರದ ಆಸ್ತಿ.

ಮನೆಗೆ ಬಂದು ಅಮ್ಮನ ಬೀರು ಹುಡುಕಿದೆ. ತಾತನ ಫಿಯಟ್ಟಿನ ಆರ್‌ಸಿ ಪುಸ್ತಕ ಸಿಕ್ತು. ಗಾಡಿ ಹೋದ್ರೂ ಅಮ್ಮ ಅದನ್ನ ಎಸೆದಿಲ್ಲ. ಮೊದಲ ನೋಂದಣಿ 1979. ಇದ್ದಿದ್ರೆ 2029ಕ್ಕೆ ಐವತ್ತು ತುಂಬಿ, ಅದೇ ಹಳೇ ನಂಬರಲ್ಲಿ ವಿಂಟೇಜ್ ಆಗ್ತಿತ್ತು. ಹದಿನೆಂಟು ವರ್ಷ ಕಾಯಬೇಕಿತ್ತು. ನಮಗೆ ಶೆಡ್ ಇರಲಿಲ್ಲ, ಹೇಳೋರೂ ಇರಲಿಲ್ಲ.

ನಿಮ್ಮ ಮನೆ ಹಿಂದೆ ಟಾರ್ಪಾಲ್ ಹೊದ್ದುಕೊಂಡು ಒಂದು ಅಂಬಾಸಿಡರೋ, ಫಿಯಟ್ಟೋ, ಮೈಸೂರಲ್ಲೇ ಹುಟ್ಟಿದ ಯೆಜ್ಡಿ ಬೈಕೋ ನಿಂತಿದ್ರೆ, ಗುಜರಿಯವನಿಗೆ ಫೋನ್ ಮಾಡೋ ಮುಂಚೆ ಎರಡು ಕೆಲಸ ಮಾಡಿ. ಆರ್‌ಸಿ ತೆಗೆದು ಮೊದಲ ನೋಂದಣಿಯ ತಾರೀಖು ನೋಡಿ. ಅದನ್ನ ಓಡಿಸಿದವರು ಇನ್ನೂ ಇದ್ರೆ, ಪಕ್ಕದಲ್ಲಿ ಕೂತು ಅದರ ಕತೆ ರೆಕಾರ್ಡ್ ಮಾಡಿಕೊಳ್ಳಿ. ಗಾಡಿ ಉಳಿಸೋಕೆ ಆಗದೇ ಇರಬಹುದು. ಕತೆ ಉಳಿಸೋಕೆ ಶೆಡ್ ಬೇಕಾಗಲ್ಲ.