ಸಂಶಯ ಬಂದದ್ದು ಒಳ್ಳೆಯದೇ, ಆದರೆ...

ಯಾರು ಹೇಳಿದರೂ ನಂಬಬೇಡಿ, ನಿಮ್ಮ ಬುದ್ಧಿಗೆ ಸರಿ ಕಂಡರೆ ಮಾತ್ರ ಒಪ್ಪಿಕೊಳ್ಳಿ ಅಂತ ಬುದ್ಧ ಹೇಳಿದನೆಂಬ ಮಾತನ್ನು ನೀವೂ ಕೇಳಿರುತ್ತೀರಿ. ಅದರ ಮೂಲ ಪಾಲಿ ಭಾಷೆಯ ಅಂಗುತ್ತರ ನಿಕಾಯದ ಕಾಲಾಮ ಸುತ್ತ. ಆದರೆ ಅಲ್ಲಿರುವುದು ಸ್ವಲ್ಪ ಬೇರೆಯೇ!

ಕೋಸಲ ದೇಶದ ಕೇಸಪುತ್ತ ಎಂಬ ಊರಿನಲ್ಲಿ ಕಾಲಾಮರೆಂಬ ಜನರಿದ್ದರು. ಅಲ್ಲಿಗೆ ಬರುವ ಸನ್ಯಾಸಿಗಳು ತಂತಮ್ಮ ಮತವನ್ನು ಹೊಗಳಿ, ಬೇರೆಯವರದನ್ನು ಹಳಿದು ಹೋಗುತ್ತಿದ್ದರು. ಬೀದಿಗೊಬ್ಬ ಗುರು ಸಿಗುವ ನಮ್ಮ ಮಹಾನಗರಗಳ ಹಾಗೆಯೇ ಅನ್ನಿ. ಇವರಲ್ಲಿ ನಿಜ ಹೇಳುವವರು ಯಾರು ಅಂತ ಕಾಲಾಮರು ಬುದ್ಧನನ್ನು ಕೇಳಿದರು. ಆತ 'ನಾನೇ' ಅನ್ನಲಿಲ್ಲ. ಸಂಶಯಪಡಬೇಕಾದ ಕಡೆಯೇ ಸಂಶಯಪಟ್ಟಿದ್ದೀರಿ ಎಂದ.

ನಂತರ, ಇಷ್ಟರಿಂದಲೇ ಒಪ್ಪಬೇಡಿ ಎಂದು ಹತ್ತು ಆಧಾರಗಳನ್ನು ಎಣಿಸಿದ. ಕೇಳಿ ಬಂದದ್ದು, ಪರಂಪರೆ, ಗ್ರಂಥದ ಮಾತು, ನಮ್ಮ ಗುರು ಎಂಬ ಗೌರವ ಇವೆಲ್ಲ ಅದರಲ್ಲಿವೆ. ಆಶ್ಚರ್ಯವೆಂದರೆ ಬರೀ ತರ್ಕವೂ, ನಮಗೆ ಹಿಡಿಸಿದ ಅಭಿಪ್ರಾಯವೂ ಅದೇ ಪಟ್ಟಿಯಲ್ಲಿವೆ! ನಮ್ಮ ಬ್ಯಾಂಕಿನವರಿಗೆ ಇದು ಬೇಗ ಅರ್ಥವಾಗುತ್ತದೆ. ಕೂಡಿದ್ದು ಸರಿಯಿದ್ದರೂ ಮೊದಲ ಎಂಟ್ರಿಯೇ ತಪ್ಪಿದ್ದರೆ ಟೋಟಲ್ ತಪ್ಪೇ ತಾನೆ?

ಹಾಗಾದರೆ ಅಳತೆಗೋಲು ಯಾವುದು? ಬುದ್ಧ ಅದನ್ನು ಪ್ರಶ್ನೆ ಕೇಳಿ ಅವರ ಬಾಯಿಂದಲೇ ಹೊರಡಿಸಿದ. ಲೋಭ, ದ್ವೇಷ, ಮೋಹ ಮನುಷ್ಯನಿಗೆ ಹಿತವೋ ಅಹಿತವೋ? ಅಹಿತ, ಅವು ಹಿಡಿದವನು ಕೊಲ್ಲುತ್ತಾನೆ, ಕದಿಯುತ್ತಾನೆ, ಸುಳ್ಳು ಹೇಳುತ್ತಾನೆ ಎಂದು ಕಾಲಾಮರು ಒಪ್ಪಿದರು. ಅಂದರೆ ಒಂದು ಬೋಧನೆ ನಡತೆಯಲ್ಲಿ ಏನು ಫಲ ಕೊಡುತ್ತದೆ, ತಿಳಿದವರು ಅದನ್ನು ಮೆಚ್ಚುತ್ತಾರೋ ಹಳಿಯುತ್ತಾರೋ ನೋಡಬೇಕು. 'ನನಗೆ ಸರಿ ಕಂಡಿತು' ಎಂದರೆ ಸಾಲದು.

ಈ ಪರೀಕ್ಷೆಯಿಂದ ಬುದ್ಧ ತಾನೂ ತಪ್ಪಿಸಿಕೊಳ್ಳಲಿಲ್ಲ. ಮಜ್ಝಿಮ ನಿಕಾಯದ ವೀಮಂಸಕ ಸುತ್ತದಲ್ಲಿ, ತನ್ನ ನಡೆನುಡಿಯನ್ನು ಬಹುಕಾಲ ಗಮನಿಸಿ ಆಮೇಲೆ ವಿಶ್ವಾಸವಿಡಿ ಎನ್ನುತ್ತಾನೆ. 8ನೇ ಶತಮಾನದ ಶಾಂತರಕ್ಷಿತನ 'ತತ್ತ್ವಸಂಗ್ರಹ'ದಲ್ಲೂ, ಚಿನ್ನವನ್ನು ಕಾಯಿಸಿ, ಕತ್ತರಿಸಿ, ಒರೆಗೆ ಹಚ್ಚಿ ನೋಡುವಂತೆ ಬುದ್ಧನ ಮಾತನ್ನೂ ಪರೀಕ್ಷಿಸಬೇಕು ಎಂಬ ಹೋಲಿಕೆ ಬರುತ್ತದೆ.

ಇನ್ನೊಂದು ಮುಖವೂ ಇದೆ. ಮನಸ್ಸನ್ನು ಕಟ್ಟಿಹಾಕುವ ಐದು ನೀವರಣಗಳಲ್ಲಿ ವಿಚಿಕಿಚ್ಛಾ, ಅಂದರೆ ಮುಗಿಯದ ಸಂಶಯ, ಒಂದು. ಹಣ ಹೊತ್ತುಕೊಂಡು ಅಪಾಯದ ನಿರ್ಜನ ದಾರಿಯಲ್ಲಿ ಸಿಕ್ಕವನ ಸ್ಥಿತಿ ಅದು ಎನ್ನುತ್ತದೆ ದೀಘ ನಿಕಾಯದ ಸಾಮಞ್ಞಫಲ ಸುತ್ತ. ಹುಡುಕಲು ಹೊರಡಿಸುವ ಸಂಶಯ ಬೇಕು, ಕೈಕಟ್ಟಿ ಕೂರಿಸುವ ಸಂಶಯ ಬೇಡ. ಚಿನ್ನವನ್ನು ಅನುಮಾನಿಸುತ್ತಾ ಕೂತರೆ ಅದರ ಬೆಲೆ ತಿಳಿಯುವುದಿಲ್ಲ, ಒರೆಗೆ ಹಚ್ಚಲೇಬೇಕು. ನೀವೇನಂತೀರಿ?