ಗೀರು ಮಾಯಿಸುತ್ತಿದ್ದ ಅರಗು

ಅಪ್ಪ ಮೈಸೂರಿನಲ್ಲಿ ಬಡಗಿ. ಬೀಟೆಯ ಮೇಜಾಗಲಿ, ತೇಗದ ಬೀರುವಾಗಲಿ, ಗೀರು ಬಿತ್ತೆಂದು ಯಾರೂ ಅದನ್ನು ಅಂಗಡಿಗೆ ಹೊರಿಸುತ್ತಿರಲಿಲ್ಲ. ಅಪ್ಪನೇ ಅರಗಿನ ಸೀಸೆ ಹಿಡಿದು ಮನೆಗೆ ಹೋಗುತ್ತಿದ್ದರು. ಸಣ್ಣಪುಟ್ಟ ಗೀರುಗಳನ್ನು ಮನೆಯವರೇ ಸರಿಮಾಡಿಕೊಳ್ಳುತ್ತಿದ್ದರು.

ಜಾಲಾರಿ, ಮುತ್ತುಗದಂಥ ಮರಗಳ ಎಳೆಗೊಂಬೆಗೆ ಅಂಟಿ ರಸ ಹೀರುವ ಪುಟ್ಟ ಹುಳುಗಳ ಸ್ರಾವ ಗಟ್ಟಿಯಾದರೆ ಅದೇ ಅರಗು. ಮೈಸೂರು ಸೀಮೆಯ ಕಾಡಿನ ಈ ಹುಟ್ಟುವಳಿಯನ್ನು ನಂಬಿಯೇ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಶುರುವಾಯಿತು. 1962ರ ನಂತರ ಅದು ದೇಶಕ್ಕೆಲ್ಲ ಚುನಾವಣೆ ಶಾಯಿಯ ಕಾರ್ಖಾನೆಯೆಂದೇ ಪರಿಚಿತ. ಹುಟ್ಟಿದ್ದು ಮಾತ್ರ ಅರಗಿಗಾಗಿ.

ಇದೇ ಅರಗು ಹಡಗು ಹತ್ತಿ ಯುರೋಪಿಗೂ ಹೋಗುತ್ತಿತ್ತು. ಅದನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಮರಕ್ಕೆ ತಿಕ್ಕುವ ಫ್ರೆಂಚ್ ಪಾಲಿಶ್ 19ನೇ ಶತಮಾನದ ಮೊದಲ ದಶಕಗಳಲ್ಲಿ ಅಲ್ಲಿ ಹರಡಿತು. ಬ್ರಿಟಿಷರ ಬಂಗಲೆಗಳ ಮೂಲಕ ಆ ವಿದ್ಯೆ ನಮ್ಮ ಬಡಗಿಗಳ ಕೈಗೂ ಬಂತು.

ಅಪ್ಪ ಅರಗಿನ ಚಕ್ಕೆಯನ್ನು ರಾತ್ರಿಯೇ ಸ್ಪಿರಿಟ್ಟಿನಲ್ಲಿ ನೆನೆಹಾಕುತ್ತಿದ್ದರು. ಬೆಳಿಗ್ಗೆ ಹಳೆ ಪಂಚೆಯ ಚೂರಿನಲ್ಲಿ ಹತ್ತಿ ಕಟ್ಟಿ, ಅದ್ದಿ, ಅಂಟದಿರಲೆಂದು ಒಂದು ಹನಿ ಎಣ್ಣೆ ಸೋಕಿಸಿ, ಕೈ ನಿಲ್ಲಿಸದೆ ಸುತ್ತುಸುತ್ತಾಗಿ ತಿಕ್ಕುತ್ತಿದ್ದರು. ಮೇಲ್ಪದರದ ಗೀರಾದರೆ ಅಷ್ಟೇ ಸಾಕು: ಸ್ಪಿರಿಟ್ ತಗುಲಿದೊಡನೆ ಹಳೆಯ ಅರಗು ಮೆತ್ತಗಾಗಿ ಗೀರಿನ ಅಂಚುಗಳು ಕೂಡಿಕೊಳ್ಳುತ್ತವೆ. ಮರಕ್ಕೇ ಇಳಿದ ಗೀರಿಗೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಕಾದ ಚಾಕುವಿನಿಂದ ಕರಗಿಸಿ ತುಂಬುವುದು, ಆರಿದ ಮೇಲೆ ಉಪ್ಪುಕಾಗದದಿಂದ ಸಮ ಮಾಡುವುದು. ಜಡಿಮಳೆಯ ದಿನ ಅಪ್ಪ ಸೀಸೆ ಮುಟ್ಟುತ್ತಿರಲಿಲ್ಲ. ಗಾಳಿಯ ತೇವಕ್ಕೆ ಪಾಲಿಶ್ ಬೆಳ್ಳಗೆ ಮಂಕಾಗುತ್ತದೆ.

ಅರಗಿನ ದೊಡ್ಡ ಗುಣವೇ ಇದು. ಹೊಸ ಪದರ ಹಳೆಯದರೊಳಗೆ ಕರಗಿ ಒಂದಾಗುತ್ತದೆ, ತೇಪೆ ಕಾಣುವುದಿಲ್ಲ. ಬಿಸಿ ಕಾಫಿ ಲೋಟ ಇಟ್ಟರೆ ಅರಗು ಕಲೆಯಾಗುತ್ತದೆ, ಮೆಲಮೈನ್, ಪಾಲಿಯುರೆಥೇನ್ ಪಾಲಿಶ್‌ಗಳು ತಡೆದುಕೊಳ್ಳುತ್ತವೆ ಎಂಬುದು ನಿಜ. ಆದರೆ ಅವು ಒಮ್ಮೆ ಗಟ್ಟಿಯಾದರೆ ಸ್ಪಿರಿಟ್ಟಿಗೆ ಕರಗುವುದಿಲ್ಲ. ಆಳವಾದ ಗೀರು ಬಿದ್ದರೆ ಸಾಮಾನ್ಯವಾಗಿ ಇಡೀ ಹಲಗೆಯನ್ನೇ ಉಜ್ಜಬೇಕು. ಅವು ಬಂದ ಮೇಲೆ ಮನೆಯಲ್ಲೇ ರಿಪೇರಿ ಮಾಡಿಕೊಳ್ಳುವ ರೂಢಿ ಸೊರಗಿತು.

ಅಜ್ಜಿಯ ಕಾಲದ ಮೇಜನ್ನು ಯಂತ್ರಕ್ಕೆ ಕೊಟ್ಟು ಉಜ್ಜಿಸುವವರಿಗೆ ನನ್ನದೊಂದು ವಿನಂತಿ. ಮೊದಲು ಕಾಣದ ಮೂಲೆಯೊಂದಕ್ಕೆ ಒಂದು ಹನಿ ಸ್ಪಿರಿಟ್ ಹಚ್ಚಿ ನೋಡಿ. ಬೆರಳಿಗೆ ಅಂಟಿದರೆ ಅದು ಅರಗು. ದಯವಿಟ್ಟು ಕೆರೆಸಬೇಡಿ, ಅದನ್ನು ಇನ್ನೂ ರಿಪೇರಿ ಮಾಡಬಹುದು.