ಜಾವಗಲ್, ಕುಂಬಳೆ ಮತ್ತು ನಮ್ಮ ರಣಜಿ ತಂಡ

ಅರಸೀಕೆರೆ ತಾಲ್ಲೂಕಿನ ಜಾವಗಲ್ಲಿಗೆ ಹೋದವರು ಸಾಮಾನ್ಯವಾಗಿ ನೋಡಿಕೊಂಡು ಬರುವುದು ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಸ್ಥಾನವನ್ನು. ಬೇಲೂರು, ಹಳೇಬೀಡಿಗೆ ಬರುವಷ್ಟು ಜನ ಇಲ್ಲಿಗೆ ಬರುವುದಿಲ್ಲ. ಆದರೆ ಈ ಪುಟ್ಟ ಊರಿನ ಹೆಸರನ್ನು ಬ್ರಿಸ್ಬೇನಿನಿಂದ ಡರ್ಬನ್ನಿನವರೆಗೆ ಕಾಮೆಂಟರಿ ಹೇಳುವವರೆಲ್ಲ ನಾಲಿಗೆ ಹೊರಳಿಸಿಕೊಂಡು ಹೇಳಿದ್ದಾರೆ. ಕಾರಣ ನಿಮಗೆ ಗೊತ್ತೇ ಇದೆ, ಜಾವಗಲ್ ಶ್ರೀನಾಥ್.

ತಮಾಷೆ ಅಂದರೆ ಶ್ರೀನಾಥ್ ಹುಟ್ಟಿದ್ದು (1969, ಆಗಸ್ಟ್ 31) ಮೈಸೂರಿನಲ್ಲಿ. ಓದಿದ್ದೂ ಅಲ್ಲೇ, ಬೌಲಿಂಗ್ ಕಲಿತದ್ದೂ ಅಲ್ಲೇ. ಜಾವಗಲ್ ಇರುವುದು ಹೆಸರಿನಲ್ಲಿ. ಅನಿಲ್ ಕುಂಬ್ಳೆಯ ಕಥೆಯೂ ಹಾಗೆಯೇ. ಬೆಳೆದದ್ದು ಬೆಂಗಳೂರಿನಲ್ಲಿ, ಹೆಸರಿನಲ್ಲಿ ಉಳಿದದ್ದು ಕಾಸರಗೋಡಿನ ಕುಂಬಳೆ. ನಮ್ಮ ಕಡೆ ಊರು ಬಿಟ್ಟವನನ್ನೂ ಊರು ಬಿಡುವುದಿಲ್ಲ, ಇನಿಶಿಯಲ್ ಆಗಿ ಹಿಂದೆಯೇ ಬರುತ್ತದೆ. ನನ್ನ ಪ್ರಕಾರ ಒಂದು ತಂಡದ ಅಭಿಮಾನವೂ ಹೀಗೇ. ಅದನ್ನು ನಾವು ಆರಿಸಿಕೊಳ್ಳುವುದಿಲ್ಲ. ಇಂಥ ಊರಿನವರು ಅನ್ನುವ ಕಾರಣಕ್ಕೆ ಅಂಟಿಕೊಳ್ಳುತ್ತದೆ, ಆಮೇಲೆ ಬಿಟ್ಟು ಹೋಗುವುದಿಲ್ಲ.

ಅಮೆರಿಕದ ಬೇಸ್‌ಬಾಲಿನಲ್ಲಿ ಶಿಕಾಗೊ ಕಬ್ಸ್ ಅಂತ ಒಂದು ತಂಡ. 1908ರಲ್ಲಿ ಚಾಂಪಿಯನ್ ಆದದ್ದು ಮತ್ತೆ ಗೆಲ್ಲಲು 2016ರವರೆಗೆ ಕಾಯಿತು. 108 ವರ್ಷ! ತಾತ, ಅಪ್ಪ, ಮಗ ಮೂವರೂ ಅದೇ ತಂಡಕ್ಕೆ ಜೈ ಅಂದು, ಅದರಲ್ಲಿ ಇಬ್ಬರು ಗೆಲುವು ನೋಡದೆ ಹೋದ ಮನೆಗಳು ಅಲ್ಲಿ ಎಷ್ಟಿವೆಯೋ. ಇದನ್ನು ಓದಿ ನಗುವ ಮೊದಲು ನಮ್ಮದೇ ಲೆಕ್ಕ ನೋಡಿಕೊಳ್ಳೋಣ.

1934ರ ನವೆಂಬರ್ 4. ರಣಜಿ ಟ್ರೋಫಿಯ ಇತಿಹಾಸದ ಮೊತ್ತಮೊದಲ ಪಂದ್ಯ. ಮದ್ರಾಸಿನ ಚೆಪಾಕಿನಲ್ಲಿ ಮೈಸೂರು ಮತ್ತು ಮದ್ರಾಸು ಎದುರುಬದುರು. ನಮ್ಮವರು ಮೊದಲ ಇನ್ನಿಂಗ್ಸಿನಲ್ಲಿ 48, ಎರಡನೆಯದರಲ್ಲಿ 59. ಮದ್ರಾಸು ಹೊಡೆದದ್ದೇ 130, ಅಷ್ಟರಲ್ಲೇ ಇನ್ನಿಂಗ್ಸ್ ಮತ್ತು 23 ರನ್ ಸೋಲು. ಪಂದ್ಯ ಒಂದೇ ದಿನದಲ್ಲಿ ಮುಗಿದುಹೋಯಿತು. ಹೀಗೆ ಶುರುವಾದ ತಂಡ ನಮ್ಮದು.

1941-42ರಲ್ಲಿ ಫೈನಲ್ ತಲುಪಿದರೆ ಎದುರಿಗೆ ಬಾಂಬೆ, ಸೋಲು. 1959-60ರಲ್ಲಿ ಮತ್ತೆ ಫೈನಲ್, ಮತ್ತೆ ಬಾಂಬೆ, ಮತ್ತೆ ಸೋಲು. ಆ ಬಾಂಬೆ 1958-59ರಿಂದ 1972-73ರವರೆಗೆ ಸತತ 15 ವರ್ಷ ಕಪ್ಪನ್ನು ಯಾರಿಗೂ ಬಿಟ್ಟುಕೊಡಲಿಲ್ಲ.

1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ತಂಡದ ಹೆಸರೂ ಬದಲಾಯಿತು. ಹೊಸ ಹೆಸರಿನ ಮೊದಲ ಋತುವಿನಲ್ಲೇ, 1974ರ ಮಾರ್ಚಿನಲ್ಲಿ, ಬೆಂಗಳೂರಿನ ಇನ್ನೂ ಪೂರ್ತಿ ಕಟ್ಟಿ ಮುಗಿಯದ ಸ್ಟೇಡಿಯಮ್ಮಿನಲ್ಲಿ ಬಾಂಬೆ ಜೊತೆ ಸೆಮಿಫೈನಲ್. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106, ತಂಡ 385. ಆಮೇಲೆ ಪ್ರಸನ್ನ ಗಾವಸ್ಕರರನ್ನು ಬೌಲ್ಡ್ ಮಾಡಿದರು, ವಾಡೇಕರ್ ಓಡುವಾಗ ಜಾರಿ ರನ್‌ಔಟ್ ಆದರು, ಬಾಂಬೆ 307ಕ್ಕೆ ನಿಂತಿತು. ಮೊದಲ ಇನ್ನಿಂಗ್ಸ್ ಮುನ್ನಡೆಯ ಮೇಲೆ ಕರ್ನಾಟಕ ಫೈನಲ್ಲಿಗೆ. ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಪ್ರಸನ್ನ ನಾಯಕತ್ವದ ತಂಡ ಮೊದಲ ಸಲ ಕಪ್ ತಂದಿತು. ಮೊದಲ ಪಂದ್ಯದಿಂದ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 40 ವರ್ಷ. 1934ರಲ್ಲಿ ಹತ್ತು ವರ್ಷದ ಹುಡುಗನಾಗಿದ್ದವನಿಗೆ ಆಗ ಐವತ್ತು.

ಗೆದ್ದ ಮೇಲೆ ಸೋಲು ನಿಂತಿತೇ? ಎಲ್ಲಿ ಬಂತು! 1981-82ರ ಫೈನಲ್ ನೆನಪಿಸಿಕೊಳ್ಳಿ. ದೆಹಲಿಯ ಕೋಟ್ಲಾದಲ್ಲಿ ನಮ್ಮವರು ಬರೋಬ್ಬರಿ 705 ರನ್ ಹೊಡೆದರು. 705 ಹೊಡೆದು ಯಾರಾದರೂ ಸೋಲುತ್ತಾರೆಯೇ? ನಾವು ಸೋತೆವು. ದೆಹಲಿ 589ಕ್ಕೆ 8 ಆಗಿದ್ದಾಗ ರಾಕೇಶ್ ಶುಕ್ಲಾ, ರಾಜೇಶ್ ಪೀಟರ್ ಸೇರಿ ಮುರಿಯದ 118 ಕೂಡಿಸಿ 707 ಮಾಡಿಬಿಟ್ಟರು. ಮರುವರ್ಷವೇ ವಾಂಖೆಡೆಯಲ್ಲಿ ಬಾಂಬೆಯ ಮೇಲೆ ಮುನ್ನಡೆ ಪಡೆದು ಕಪ್ ತಂದರು ಅನ್ನಿ. ಆದರೂ ಆ 705 ಈಗಲೂ ಚುಚ್ಚುತ್ತದೆ.

ಶ್ರೀನಾಥ್ ಬಂದದ್ದು 1989-90ರಲ್ಲಿ. ಹೈದರಾಬಾದಿನ ಎದುರು ಆಡಿದ ಮೊದಲ ರಣಜಿ ಪಂದ್ಯದಲ್ಲೇ ಹ್ಯಾಟ್ರಿಕ್. 1996ರ ಅಕ್ಟೋಬರ್ 21ರಂದು ಚಿನ್ನಸ್ವಾಮಿ ಸ್ಟೇಡಿಯಮ್ಮಿನಲ್ಲಿ ಆಸ್ಟ್ರೇಲಿಯಾ ಎದುರು ಭಾರತಕ್ಕೆ ಬೇಕಿದ್ದದ್ದು 216. ಸಚಿನ್ 88ಕ್ಕೆ ಔಟಾಗಿ 164ಕ್ಕೆ 8 ವಿಕೆಟ್ ಹೋಗಿತ್ತು. ಉಳಿದ 52 ರನ್ನುಗಳನ್ನು ಹೊಡೆದವರು ಶ್ರೀನಾಥ್ ಮತ್ತು ಕುಂಬ್ಳೆ. ಆಡುತ್ತಿದ್ದದ್ದು ಭಾರತ, ನಿಜ. ಆದರೆ ಬೆಂಗಳೂರಿನ ಜನ ಕೂಗಿದ್ದು ನಮ್ಮ ಹುಡುಗರು ಅಂತ! ಆ ಸಂಜೆ ಪಿಚ್ಚಿನ ಎರಡೂ ತುದಿಯಲ್ಲಿ ಎರಡು ಊರುಗಳು ನಿಂತಿದ್ದವು.

ಇನ್ನು 2010ರ ಜನವರಿ, ಮೈಸೂರಿನ ಗಂಗೋತ್ರಿ ಗ್ಲೇಡ್ಸ್. ಮತ್ತೆ ಫೈನಲ್, ಮತ್ತೆ ಮುಂಬೈ. ಮೈದಾನದ ಸುತ್ತ ಕಿಕ್ಕಿರಿದ ಜನ. ಮೊದಲ ಇನ್ನಿಂಗ್ಸಿನಲ್ಲಿ 130ಕ್ಕೆ ಮುಗ್ಗರಿಸಿದ ನಮ್ಮವರಿಗೆ ಗುರಿ 338. ಮನೀಷ್ ಪಾಂಡೆ 144 ಹೊಡೆದರು. ತಂಡ 331ಕ್ಕೆ ಆಲೌಟ್, ಬರೀ 6 ರನ್ನಿನ ಸೋಲು. ಅದೇ ವರ್ಷದ ಕೊನೆಗೆ ಕುಂಬ್ಳೆ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾದರು, ಶ್ರೀನಾಥ್ ಕಾರ್ಯದರ್ಶಿಯಾದರು. 1998-99ರ ನಂತರ ಕಾಣದಿದ್ದ ಕಪ್ಪು 2013-14ರಲ್ಲಿ ದಾವಣಗೆರೆಯ ವಿನಯ್ ಕುಮಾರ್ ಕೈಗೆ ಬಂತು. 2014-15ರಲ್ಲಿ ಮತ್ತೆ ಬಂತು, ಫೈನಲ್ಲಿನಲ್ಲಿ ಕರುಣ್ ನಾಯರ್ ಒಬ್ಬರದೇ 328!

ಈಗಿನ ಹುಡುಗರಿಗೆ ತಂಡ ಅಂದರೆ ಆರ್‌ಸಿಬಿ. ಅದರ ಬಗ್ಗೆ ನನಗೆ ಜಗಳವಿಲ್ಲ. 2008ರಿಂದ ಪ್ರತಿ ವರ್ಷ 'ಈ ಸಲ ಕಪ್ ನಮ್ದೇ' ಅಂದುಕೊಂಡು, ಮೂರು ಫೈನಲ್ ಸೋತು, ಊರೆಲ್ಲ ನಕ್ಕರೂ ಬಿಡದೆ ಕಾದವರು ಅವರು. 2025ರ ಜೂನ್ 3ರಂದು ಕೊನೆಗೂ ಗೆದ್ದರು, ಅದೂ 6 ರನ್ನಿನಿಂದ. ಮಾರನೆಯ ದಿನ ಚಿನ್ನಸ್ವಾಮಿ ಸ್ಟೇಡಿಯಮ್ಮಿನ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಹದಿನೆಂಟು ವರ್ಷದ ಕಾಯುವಿಕೆ ಒಂದು ದಿನದ ಸಂಭ್ರಮವಾಗಿಯೂ ಉಳಿಯಲಿಲ್ಲ. ಅಭಿಮಾನಿ ತಂಡಕ್ಕೆ ಆಯುಷ್ಯದ ಎಷ್ಟೋ ದಿನಗಳನ್ನು ಕೊಡುತ್ತಾನೆ, ನಿಜ. ಆದರೆ ಆಯುಷ್ಯವನ್ನೇ ಕೊಡಬೇಕಾಗಿ ಬರಬಾರದು. ಅವನನ್ನು ಸುರಕ್ಷಿತವಾಗಿ ಮನೆ ಮುಟ್ಟಿಸುವುದು ಕಪ್ಪಿಗಿಂತ ಮೊದಲ ಕೆಲಸ.

ರಣಜಿ ಪಂದ್ಯಕ್ಕೆ ಇವತ್ತು ಅಷ್ಟು ಜನ ಸೇರುವುದು ಅಪರೂಪ. ಮಧ್ಯಾಹ್ನದ ಬಿಸಿಲಲ್ಲಿ ಪೇಪರ್ ಮಡಚಿ ತಲೆ ಮೇಲಿಟ್ಟುಕೊಂಡು ಕೂತಿರುವ ನಾಲ್ಕು ಜನ ಹಿರಿಯರು ಕಂಡರೆ ಹೆಚ್ಚು. ಆಡುವವರು ಬದಲಾಗಿದ್ದಾರೆ, ತಂಡದ ಹೆಸರು ಬದಲಾಗಿದೆ, ಕೂತವರು ಮಾತ್ರ ಬದಲಾಗಿಲ್ಲ. ಸಿಕ್ಕರೆ ಒಮ್ಮೆ ಮಾತಾಡಿಸಿ ನೋಡಿ. ಗೆದ್ದ ಕಪ್ಪುಗಳ ಲೆಕ್ಕ ಬೇಗ ಮುಗಿಸಿ, ಆ 705ರ ಕಥೆಯನ್ನು ನಿಧಾನವಾಗಿ ಹೇಳುತ್ತಾರೆ.